ಹೊಸ ಟ್ಯೂಬಿಗೆ ಮರ್ಯಾದೆ

ಹಳೇ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅದ್ದಿ ಮೋಕ್ಷಾ ಸೈಕಲಿನ ಚೈನು ತಿಕ್ಕುತ್ತಿದ್ದಳು. ಎದುರು ಕುಳಿತ ಸಿದ್ದೀಕ್ ಚಕ್ರದ ಕಡ್ಡಿಗಳನ್ನು ಬಿಗಿ ಮಾಡುತ್ತಿದ್ದರು. ಬಹಳ ಹೊತ್ತಿನಿಂದ ಇಬ್ಬರೂ ಮಾತಾಡಿರಲಿಲ್ಲ. ಮೋಕ್ಷಾಳಿಗೆ ಬೇಕಾದದ್ದೂ ಇಷ್ಟೇ: ಕೈಗೆ ಕೆಲಸ, ಬಾಯಿಗೆ ರಜೆ.

ಕಷ್ಟ ಒಂದೇ. ಅವಳಿಗೆ ಸೈಕಲ್ ಬಿಡಲು ಬರುತ್ತಿರಲಿಲ್ಲ.

ಎಂಟನೇ ಕ್ಲಾಸಿಗೆ ಹೋದವರಿಗೆ ಸರ್ಕಾರದ ಸೈಕಲ್ ಸಿಗುತ್ತಿತ್ತು. ಈ ಮಹಾರಾಯ್ತಿ ಏಳಕ್ಕೇ ಶಾಲೆ ಬಿಟ್ಟು, ಅಮ್ಮನ ಜೊತೆ ಮೀನುದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಆರಿಸಲು ಹೋಗಿದ್ದಳು. ಈಗ, ಇಷ್ಟು ವರ್ಷಗಳ ಮೇಲೆ, ಕೆಟ್ಟ ಫ್ಯಾನನ್ನು ಗುಜರಿಗೆ ಹಾಕಲು ಹೋದವಳು ಅಲ್ಲಿಂದ ಒಂದು ಹಳೇ ರೇಸ್ ಸೈಕಲ್ ಕೊಂಡು ತಂದಿದ್ದಳು. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಬಡಕಲು ಟಯರು. ಬುದ್ಧಿ ಇದ್ದವರು ಮೊದಲು ಬಿಡಲು ಕಲಿತು ಆಮೇಲೆ ಕೊಳ್ಳುತ್ತಾರೆ.

ಗುಜರಿಯವನೇ ಅವಳನ್ನು ಬಂದರಿನ ಸಿದ್ದೀಕರ ಗೋದಾಮಿಗೆ ಕಳಿಸಿದ್ದ. ಹಳೇ ಸೈಕಲ್‌ಗಳ ಹುಚ್ಚಿನವರು ಭಾನುವಾರ ಅಲ್ಲಿ ಸೇರುತ್ತಿದ್ದರು. "ಸೈಕಲ್ ಬಿಡ್ತೀಯಲ್ಲ?" ಎಂದು ಸಿದ್ದೀಕ್ ಕೇಳಿದಾಗ ಅವಳು ಹೂಂ ಎಂದು ತಲೆಯಾಡಿಸಿದ್ದಳು. ಇಲ್ಲ ಎಂದರೆ ಯಾಕೆಂದು ಹೇಳಬೇಕು. ಹೂಂ ಎಂದರೆ ಅಲ್ಲಿಗೆ ಮುಗಿಯಿತು.

ಮುಗಿಯಲಿಲ್ಲ. ಟ್ಯೂಬು ಹಾಕಿದ ದಿನ, ಬ್ಯಾಂಕಿನಿಂದ ರಿಟೈರಾದ ಜಾನೆಟ್ ಬಾಯಿ, "ಒಂದು ರೌಂಡ್ ಹೊಡಿ ಮಾರಾಯ್ತಿ" ಎಂದರು. ಮೋಕ್ಷಾ ಟಯರನ್ನು ಒತ್ತಿ ನೋಡಿದಳು.

"ಹೊಸ ಟ್ಯೂಬ್ ಅಲ್ವಾ... ಮೊದಲ ದಿನ ತಳ್ಳಿಕೊಂಡೇ ಹೋಗಬೇಕು."

ಬಾಯಿಗೆ ಬಂದ ಸುಳ್ಳು. ಆದರೆ ಕಾಲೇಜಿನಲ್ಲಿ ಪಾಠ ಮಾಡುವ ರೋಷನ್ ಕಣ್ಣರಳಿಸಿದ. "ನೋಡಿ, ಮಾತು ಕಡಿಮೆ, ವಿಷಯ ಉಂಟು!"

ಮುಂದಿನ ವಾರ ಅವನು ತನ್ನ ಸೈಕಲಿಗೆ ಟ್ಯೂಬು ಹಾಕಿ, ಲಾರಿಗಳಿಂದ ಬೈಸಿಕೊಳ್ಳುತ್ತಾ ನಂತೂರಿನಿಂದ ಕೊಡಿಯಾಲ್‌ಬೈಲಿನವರೆಗೆ ತಳ್ಳಿಕೊಂಡು ಹೋದ. ಆಮೇಲೆ ಅದು ಪದ್ಧತಿಯೇ ಆಯಿತು. ಒಮ್ಮೆ ತಳ್ಳಿ ತಳ್ಳಿ ಏದುಸಿರು ಬಿಡುತ್ತಾ ಬಂದ ಜಾನೆಟ್ ಬಾಯಿ, "ಮೋಕ್ಷಾ ಹೇಳಿದ್ದು ಸರಿ, ಚಕ್ರ ಈಗ ಎಷ್ಟು ಹಗುರ!" ಎಂದಾಗ ಅವಳು ಬೆವರು ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡಳು.

ತಾನು ಬಾಯಿ ತೆರೆದರೆ ಉಳಿದವರು ಸುಮ್ಮನಾಗಿ ಕೇಳುವ ಜಾಗ ಅವಳಿಗೆ ಇಡೀ ಊರಿನಲ್ಲಿ ಇದೊಂದೇ. ನಿಜ ಹೇಳಿದರೆ ಅದೂ ಹೋಯಿತು.

ಚೈನು ಹೊಳೆಯತೊಡಗಿತು. ಸಿದ್ದೀಕ್ ಚಕ್ರ ಜೋಡಿಸಿ ಎದ್ದರು. "ಬ್ರೇಕ್ ಉಂಟು, ಗೇರ್ ಉಂಟು, ಟ್ಯೂಬೂ ಹಳೇದಾಯ್ತು. ಬಜಪೆಗೆ ಹೋಗುವ. ನೀನೇ ಮುಂದೆ."

ಅಷ್ಟರಲ್ಲಿ ಹೆಲ್ಮೆಟ್ ಹಾಕಿಕೊಂಡು ಬಂದು ನಿಂತಿದ್ದ ರೋಷನ್, ಅವಳ ವಾರವಾರದ ನೆಪಗಳನ್ನು ನೆನೆದು ನಕ್ಕ. "ಇವತ್ತು ಎಂತ, ತಲೆನೋವಾ, ಚಪ್ಪಲಿ ತುಂಡಾ?"

"ಸುಮ್ಮನಿರು ಮಾರಾಯ," ಎಂದರು ಅವನ ಪಕ್ಕ ಸೈಕಲ್ ತಂದು ನಿಲ್ಲಿಸಿದ ಜಾನೆಟ್ ಬಾಯಿ. "ಅವಳು ಮಾಡಿದ ಹಾಗೆ ಮಾಡುವುದು, ಅಷ್ಟೇ."

ಅವಳು ಮಾಡಿದ ಹಾಗೆ ಮಾಡಿದರೆ ನಂತೂರಿನಲ್ಲಿ ಎಲ್ಲರೂ ಲಾರಿಯ ಅಡಿಗೆ. ಮೋಕ್ಷಾ ಕಾಲು ದಾಟಿಸಿದಳು. ಸೈಕಲ್ ಎಡಕ್ಕೆ ವಾಲಿತು. ಅದನ್ನು ಗಮನವಿಟ್ಟು ನೋಡಿದ ರೋಷನ್ ತನ್ನ ಸೈಕಲನ್ನೂ ಅಷ್ಟೇ ವಾಲಿಸಿದ. ಜಾನೆಟ್ ಬಾಯಿಯೂ ವಾಲಿಸಿದರು.

ಅದನ್ನು ಕಂಡಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ನನಗೆ ಸೈಕಲ್ ಬಿಡಲಿಕ್ಕೆ ಬರುವುದಿಲ್ಲ," ಎಂದಳು.

ವಾಲಿದವರು ವಾಲಿದ ಹಾಗೆಯೇ ನಿಂತರು.

"ಸಿದ್ದೀಕಾಕ, ಹಿಂದಿನಿಂದ ಸೀಟು ಸ್ವಲ್ಪ ಹಿಡ್ಕೊಳ್ಳಿ."

ಸಿದ್ದೀಕ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬಂದು ಸೀಟು ಹಿಡಿದರು; ಉಳಿದಿಬ್ಬರು ಎಂದಿನ ಹಾಗೆಯೇ ಅವಳ ಮಾತಿಗೆ ಕಿವಿಗೊಟ್ಟು ನಿಂತರು.