ಟ್ಯಾಂಕಿನ ಬಾಯಿ

ಆಲಮೇಲದಿಂದ ಹೊರಟ ಹಳೇ ಜೀಪು ಮೂರನೇ ಸಲ ನಡುರಸ್ತೆಯಲ್ಲಿ ಬಂದ್ ಬಿತ್ತು. ಸಿಂದಗಿಯಲ್ಲಿ ಸುಜಾತಾಳ ಪರೀಕ್ಷೆ. ಹತ್ತಕ್ಕೆ ಗೇಟು ಮುಚ್ಚುತ್ತಾರೆ. ಆಗಲೇ ಒಂಬತ್ತೂವರೆ.

"ಮುತ್ಯಾ, ಓಡ್ಕೋತ ಹೋಗ್ಲೇನು?" ಎಂದಳು ಆಕೆ.

ಮೊಮ್ಮಗಳ ಮಾತಿಗಿಂತ ಧೂಳಪ್ಪನ ಕಿವಿ ಟ್ಯಾಂಕಿನ ಕಡೆಗಿತ್ತು. ಡೀಸೆಲ್ ನೋಡಲೆಂದು ಮಗ ಮಾಳಿಂಗ ಟ್ಯಾಂಕಿನ ಮುಚ್ಚಳ ತಿರುವಿದಾಗ ಅದು ಸುಸ್ಸೆಂದು ಗಾಳಿ ಎಳೆದುಕೊಂಡಿತ್ತು. ಹಿಂದಿನ ಎರಡು ಸಲವೂ ಮುಚ್ಚಳ ತೆಗೆದ ಮೇಲೆಯೇ ಜೀಪು ಚಾಲೂ ಆಗಿದ್ದು ಮುದುಕನಿಗೆ ನೆನಪಾಯಿತು.

"ಟ್ಯಾಂಕಿನ ಬಾಯಿಗೆ ಏನ್ ಕಟ್ಟೀಯೋ?"

"ಡೀಸೆಲ್ ತುಳುಕತಿತ್ತಪ್ಪಾ. ನಿನ್ನೆ ಮುಚ್ಚಳದ ಕೆಳಗ ಪ್ಲಾಸ್ಟಿಕ್ ಬಿಗಿದೇನಿ."

"ಭಾಳ ಶಾಣ್ಯಾ ಅದಿ! ಗಾಳಿ ಒಳಗ ಹೋಗದ ಡೀಸೆಲ್ ಹೆಂಗ ಹೊರಗ ಬರತೈತಿ? ಕಿತ್ತು ಒಗಿ!"

ಆಮೇಲೆ ಜೀಪು ಎಲ್ಲೂ ನಿಲ್ಲಲಿಲ್ಲ. ಅರ್ಧ ಮುಚ್ಚಿದ್ದ ಗೇಟಿನೊಳಗೆ ಸುಜಾತಾ ನುಗ್ಗಿದ ಮೇಲೆಯೇ ಧೂಳಪ್ಪ ಮಗನ ಬೆನ್ನಿಗೆ ಒಂದು ಗುದ್ದು ಕೊಟ್ಟ.