ತೇರ್ಸಿನ ನಡುವೆ ಹಾರ್ನ್

ಡೆನಿಸ್‌ನಷ್ಟು ಸಾಧು ಗಂಡಸು ದುಬೈಯ ಇಡೀ ಕರಾಮದಲ್ಲಿ ಇನ್ನೊಬ್ಬನಿಲ್ಲ ಎಂದು ಡೆಲ್ಫಿನ್ ಯಾರ ಮುಂದೆ ಬೇಕಾದರೂ ಹೇಳಿಯಾಳು, ಅವನ ಕೈಯಲ್ಲಿ ಸ್ಟೇರಿಂಗ್ ಇಲ್ಲದಿದ್ದರೆ. ಇಗರ್ಜಿಯ ಗಾಯನತಂಡದಲ್ಲಿ ಕಣ್ಣು ಮುಚ್ಚಿ ಹಾಡುವ, ಮೀನಿನ ಮುಳ್ಳು ಬಿಡಿಸಿ ಹೆಂಡತಿಯ ತಟ್ಟೆಗೆ ಹಾಕುವ ಈ ಮನುಷ್ಯ ಕಾರಿನ ಬಾಗಿಲು ಹಾಕಿಕೊಂಡದ್ದೇ ತಡ, ಬೇರೆಯವನೇ ಆಗಿಬಿಡುತ್ತಿದ್ದ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಎರಡನೆಯವನಿಗೆ ಅವಳು ಒಗ್ಗಿಕೊಂಡಿರಲಿಲ್ಲ.

ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತಿದ್ದರು. ಅವಳು ಜುಮೇರಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವನು ಜುಮೇರಾ ಲೇಕ್ ಟವರ್ಸ್‌ನ ಕಂಪನಿಯೊಂದರಲ್ಲಿ ಅಕೌಂಟೆಂಟ್. ಸಂಜೆ ಮನೆ ಸೇರುವಾಗ ಇಬ್ಬರಲ್ಲೂ ಜೀವ ಇರುತ್ತಿರಲಿಲ್ಲವಾದ್ದರಿಂದ, ಊರಿನಲ್ಲಿ ದೇವರ ಪೀಠದ ಮುಂದೆ ಮೊಣಕಾಲೂರಿ ಹೇಳುತ್ತಿದ್ದ ಜಪಸರದ ಪ್ರಾರ್ಥನೆ, ಅವರು ತೇರ್ಸ್ ಎನ್ನುವುದು, ಬೆಳಗಿನ ಕಾರಿಗೆ ವರ್ಗವಾಗಿತ್ತು. ಅವನು ಮೊದಲರ್ಧ ಹೇಳಬೇಕು, ಅವಳು ಉಳಿದರ್ಧ ಹೇಳಿ ಉತ್ತರ ಕೊಡಬೇಕು. ಡೆನಿಸ್ ಪ್ರಾರ್ಥನೆ ಹೇಳುತ್ತಿದ್ದದ್ದು ಕೊಂಕಣಿಯಲ್ಲಿ, ನಡುನಡುವೆ ಬೈಯುತ್ತಿದ್ದದ್ದು ತುಳುವಿನಲ್ಲಿ.

"ನಮಾನ್ ಮರಿಯೆ... ಏ, ಇದೇನು ನಿನ್ನ ಅಜ್ಜನ ರಸ್ತೆಯಾ? ಕುರ್ಪೆನ್ ಭರ್‌ಲೆಲ್ಯೆ... ಹಿಂದಿಂದ ಲೈಟ್ ಹಾಕ್ತಾನೆ ನೋಡು, ಹಾರಿ ಹೋಗ್ಬೇಕಾ ನಾನು?"

ತುಳುವಿನಲ್ಲಿ ಬೈದರೆ ದುಬೈಯಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ಅವನು ನಂಬಿದ್ದ. ಕರಾಮದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಮಂಗಳೂರಿನವನ ತಲೆಗೇ ಬೀಳುತ್ತದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಡೆಲ್ಫಿನ್ ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ಉತ್ತರ ಹೇಳುತ್ತಿದ್ದಳು. ಬೈಗುಳದ ನಡುವೆ ಪ್ರಾರ್ಥನೆಯನ್ನು ಹೆಕ್ಕಿಕೊಳ್ಳುವುದು ಮಾತೆ ಮರಿಯಳಿಗೆ ಕಷ್ಟವಾಗದಿರಲಿ ಎಂದು ಒಳಗೊಳಗೇ ಇನ್ನೊಂದು ಪ್ರಾರ್ಥನೆ ಸೇರಿಸುತ್ತಿದ್ದಳು.

ಶನಿವಾರ ಬಂತೆಂದರೆ ಮೂರನೆಯ ಡೆನಿಸ್ ಹೊರಬರುತ್ತಿದ್ದ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಅವನು ದುಬಾರಿ ಸೈಕಲೊಂದನ್ನು ಕೊಂಡು, ಊರಿನ ಗೆಳೆಯರ ಜೊತೆ ಅಲ್ ಖುದ್ರಾದ ಮರಳುಗಾಡಿನ ಸೈಕಲ್ ದಾರಿಗೆ ಹೋಗುತ್ತಿದ್ದ. ತಂಡಕ್ಕೆಲ್ಲ ಗಿಳಿ ಹಸಿರಿನ ಅಂಗಿ ಹೊಲಿಸಿದವನೂ ಅವನೇ. "ಕುರುಡನಿಗೂ ಕಾಣಬೇಕು," ಎಂದು ಬಣ್ಣ ಆರಿಸಿದ್ದ. ತಿರುಗಿ ಬಂದವನು ಊಟದ ಉದ್ದಕ್ಕೂ ಕಾರಿನವರಿಗೆ ಶಾಪ ಹಾಕುತ್ತಿದ್ದ.

"ಮೈಮೇಲೆ ಬಂದ ಹಾಗೆ ಬರ್ತಾರೆ ಮಾರಾಯ್ತಿ. ಸೈಕಲಿನವನೂ ಮನುಷ್ಯ ಅಂತ ಇವರಿಗೆ ಯಾರಾದ್ರೂ ಕಲಿಸ್ಬೇಕು."

"ಸೋಮವಾರ ಹೇಗೂ ಕಾರಿನಲ್ಲಿ ಹೋಗ್ಲಿಕ್ಕೆ ಉಂಟಲ್ಲ, ನೀನೇ ಕಲಿಸು," ಎಂದು ಡೆಲ್ಫಿನ್ ಸಾರು ಬಡಿಸುತ್ತಿದ್ದಳು. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಸತ್ವಾದ ಮುಹಿಯುದ್ದೀನನ ಕೆಫೆಟೇರಿಯಾದಲ್ಲಿ ಚಾ ಆಗಬೇಕು. ಅಲ್ಲಿ ಚಾ ಕುಡಿಯಲು ಯಾರೂ ಕಾರಿನಿಂದ ಇಳಿಯುವುದಿಲ್ಲ. ನಡುರಸ್ತೆಯಲ್ಲೇ ನಿಲ್ಲಿಸಿ ಹಾರ್ನ್ ಒತ್ತಿದರೆ ಚಾ ಕಿಟಕಿಗೆ ಬರುತ್ತದೆ. ಹಿಂದೆ ಸಿಕ್ಕಿಕೊಂಡವರೂ ಹಾರ್ನ್ ಒತ್ತುತ್ತಾರೆ, ಆಗ ಮುಹಿಯುದ್ದೀನ್ ಅವರಿಗೂ ಚಾ ಬೇಕೋ ಎಂದು ಬಗ್ಗಿ ನೋಡುತ್ತಾನೆ. ಡೆನಿಸ್‌ನದು ಎರಡು ಗಿಡ್ಡ, ಒಂದು ಉದ್ದ, ಸ್ವಲ್ಪ ತಡೆದು ಕೊನೆಗೊಂದು ಚಿಟಿಕೆಯಷ್ಟು. ಆ ಲಯ ಕೇಳಿದರೆ ಮುಹಿಯುದ್ದೀನ್ ತಲೆ ಎತ್ತದೆಯೇ ಎರಡು ಚಾ, ಸಕ್ಕರೆ ಕಡಿಮೆ, ಹೊಯ್ಯುತ್ತಿದ್ದ. ರಸ್ತೆಯಲ್ಲಿ ಯಾರನ್ನಾದರೂ ಸರಿಸಬೇಕಾದಾಗಲೂ ಡೆನಿಸ್‌ನ ಕೈಗೆ ಬರುತ್ತಿದ್ದದ್ದು ಅದೊಂದೇ ಲಯ.

ಆ ಮಂಗಳವಾರ ಮನೆ ಬಿಡುವಾಗಲೇ ತಡವಾಗಿತ್ತು, ಚಾ ಕೂಡ ಇರಲಿಲ್ಲ. ಅಲ್ ವಾಸ್ಲ್ ರಸ್ತೆ ತುಂಬಿಹೋಗಿದೆ ಎಂದು ಡೆನಿಸ್ ಹಿಂದಿನ ಒಳರಸ್ತೆಗೆ ನುಗ್ಗಿದ. ಅಲ್ಲಿ ಮುಂದೊಬ್ಬ ಸೈಕಲಿನವನು ಹೋಗುತ್ತಿದ್ದ. ತಲೆಗೆ ಹೆಲ್ಮೆಟ್, ಮೈಗೆ ಗಿಳಿ ಹಸಿರು ಅಂಗಿ. ಅವನು ತನ್ನ ಪಾಡಿಗೆ ಬದಿಯಲ್ಲೇ ಹೋಗುತ್ತಿದ್ದ.

"ಇವನೊಬ್ಬ ಬೇರೆ," ಎಂದ ಡೆನಿಸ್. ಎರಡು ಗಿಡ್ಡ, ಒಂದು ಉದ್ದ, ಒಂದು ಚಿಟಿಕೆ. ಸೈಕಲಿನವನು ಇನ್ನಷ್ಟು ಬದಿಗೆ ಸರಿಯಲು ಜಾಗವಿರಲಿಲ್ಲ. ಎದುರಿನಿಂದ ವ್ಯಾನೊಂದು ಬರುತ್ತಿತ್ತು. ಬುದ್ಧಿ ಇದ್ದವನಾದರೆ ಆ ವ್ಯಾನು ದಾಟಲಿ ಎಂದು ಕಾಯುತ್ತಿದ್ದ. ಡೆನಿಸ್ ನುಗ್ಗಿಸಿದ.

ಡೆಲ್ಫಿನ್‌ಗೆ ಅವಳ ಬದಿಯ ಕನ್ನಡಿಯಲ್ಲಿ ಎಲ್ಲವೂ ಕಾಣಿಸಿತು. ಹಸಿರು ಅಂಗಿ ಒಮ್ಮೆ ಓಲಾಡಿತು, ಮುಂದಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಗಿತು, ಆಮೇಲೆ ಸೈಕಲು ಒಂದು ಕಡೆ, ಮನುಷ್ಯ ಒಂದು ಕಡೆ.

"ನಿಲ್ಲಿಸು! ಬಿದ್ದ ಅವನು!"

"ಬೀಳ್ಲಿಲ್ಲ. ಕಾಲು ಊರಿದ."

"ನಾನು ನೋಡಿದೆ ಡೆನಿಸ್!"

"ನಮ್ಮ ಕಾರು ತಾಗಿದೆಯಾ? ಇಲ್ಲ ಅಲ್ವಾ? ಈಗ ನಿಲ್ಲಿಸಿದ್ರೆ ಪೊಲೀಸ್ ಕೇಸು. ಕೆಲಸ ಹೋಗ್ತದೆ, ವೀಸಾ ಹೋಗ್ತದೆ, ಖಲಾಸ್. ಅಲ್ಲಿ ಜನ ಇದ್ದಾರೆ, ನೋಡ್ತಾರೆ."

ಅಷ್ಟರಲ್ಲಿ ಕಾರು ತಿರುವು ದಾಟಿತ್ತು. ಡೆನಿಸ್‌ನ ಕಿವಿ ಕೆಂಪಾಗಿತ್ತು. ಅವನು ಗಂಟಲು ಸರಿಮಾಡಿಕೊಂಡು "ನಮಾನ್ ಮರಿಯೆ" ಎಂದು ಶುರುಮಾಡಿದ. ಡೆಲ್ಫಿನ್‌ಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಆದರೆ ಅಭ್ಯಾಸ ಕೆಟ್ಟದ್ದು, ಬಾಯಿ ತನ್ನಷ್ಟಕ್ಕೇ ಉತ್ತರ ಹೇಳಿತು.

ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಫ್ಲಾಯ್ಡ್ ಸಿಕ್ಕಿದ. ಬಂಟ್ವಾಳದ ಕಡೆಯವನು, ಜುಮೇರಾದ ಹೋಟೆಲೊಂದರಲ್ಲಿ ಅಡುಗೆಯವನು, ಗಾಯನತಂಡದಲ್ಲಿ ಡೆನಿಸ್‌ನ ಪಕ್ಕ ನಿಂತು ತಗ್ಗಿನ ಸ್ವರ ಹಾಡುವವನು. ಶನಿವಾರದ ಸೈಕಲ್ ತಂಡದಲ್ಲೂ ಅವನಿದ್ದ. ಉಳಿದವರಿಗೆ ಸೈಕಲ್ ಎಂದರೆ ಶೋಕಿ. ಫ್ಲಾಯ್ಡ್ ಸತ್ವಾದ ಕೋಣೆಯಿಂದ ದಿನವೂ ಡ್ಯೂಟಿಗೆ ಹೋಗುತ್ತಿದ್ದದ್ದೇ ಸೈಕಲಿನಲ್ಲಿ. ಅವನ ಎಡಗೈಯನ್ನು ಎದೆಗೆ ಕಟ್ಟಿದ್ದರು.

"ಕಾಲರ್ ಬೋನ್ ಮುರಿದಿದೆ ಅಂತೆ," ಎಂದ ಫ್ಲಾಯ್ಡ್. "ಮಂಗಳವಾರ ಯಾವನೋ ಒಬ್ಬ ಲೋಫರ್, ವ್ಯಾನಿನ ಎದುರೇ ನುಗ್ಗಿಸಿಕೊಂಡು ಬಂದ. ಬಿಳಿ ಕಾರು ಅಂತ ಗೊತ್ತು, ನಂಬರ್ ನೋಡ್ಲಿಕ್ಕೆ ಎಲ್ಲಿ ಆಗ್ತದೆ? ಹಾರ್ನ್ ಒಂದು ಇನ್ನೂ ಕಿವಿಯಲ್ಲಿ ಉಂಟು. ಹೋಟೆಲಿನವರು ಒಲೆ ಹತ್ರ ಬರ್ಬೇಡ, ಸ್ಟೋರಿನಲ್ಲಿ ಕೂತುಕೋ ಅಂದಿದ್ದಾರೆ."

ಡೆಲ್ಫಿನ್ ಗಂಡನ ಕಡೆ ತಿರುಗಿದಳು. ಈಗ ಹೇಳುತ್ತಾನೆ, ಇನ್ನೇನು ಹೇಳಿಯೇಬಿಡುತ್ತಾನೆ ಎಂದು ಕಾದಳು.

"ಅಂಥವರ ಲೈಸೆನ್ಸ್ ಸುಟ್ಟು ಹಾಕ್ಬೇಕು!" ಎಂದು ಡೆನಿಸ್ ಎಲ್ಲರಿಗಿಂತ ಜೋರಾಗಿ ಕೂಗಿದ. ಕೂಗಿದವನೇ ಸ್ವರ ಇಳಿಸಿ, "ನಾಳೆಯಿಂದ ನೀನು ಬಸ್ಸು ಗಿಸ್ಸು ಹುಡುಕ್ಬೇಡ. ನಾನು ಬಿಡ್ತೇನೆ ನಿನ್ನನ್ನು," ಎಂದ.

ಮನೆಗೆ ಬಂದದ್ದೇ ಡೆಲ್ಫಿನ್ ಪರ್ಸ್ ಮೇಜಿನ ಮೇಲೆ ಎಸೆದಳು. "ಹೇಳು ಅವನಿಗೆ."

"ಹೇಳ್ತೇನೆ. ಸಮಯ ನೋಡಿ."

"ಎಂತ ಸಮಯ? ಮುಹೂರ್ತ ಇಡ್ಬೇಕಾ?"

"ನಾನು ಪಾಪನಿವೇದನೆ ಮಾಡಿ ಆಗಿದೆ, ಶುಕ್ರವಾರವೇ. ಫಾದರ್ ಕ್ಷಮೆ ಕೊಟ್ಟಿದ್ದಾರೆ."

"ಫಾದರ್ ಎಂತ ಹೇಳಿದ್ರು? ಹೋಗಿ ಆ ಮನುಷ್ಯನನ್ನು ಹುಡುಕು ಅಂತ ಹೇಳ್ಲಿಲ್ವಾ?"

"ಪಾಪನಿವೇದನೆಯಲ್ಲಿ ಹೇಳಿದ್ದನ್ನು ಹೊರಗೆ ಹೇಳ್ಲಿಕ್ಕಿಲ್ಲ," ಎಂದು ಡೆನಿಸ್ ಗಂಭೀರವಾಗಿ ನುಡಿದ.

ಡೆಲ್ಫಿನ್‌ಗೆ ಮೈಯೆಲ್ಲ ಉರಿದುಹೋಯಿತು. "ದೇವರು ಎರಡು ನಿಮಿಷದಲ್ಲಿ ಕ್ಷಮಿಸಿದ. ಎಲುಬು ಹಾಗೆ ಕೂಡುದಿಲ್ಲ ಡೆನಿಸ್. ನೀನು ಹೇಳದಿದ್ರೆ ನಾನು ಹೇಳ್ತೇನೆ."

ಆದರೆ ಅವಳೂ ಹೇಳಲಿಲ್ಲ. ಸೋಮವಾರ ಫ್ಲಾಯ್ಡ್ ಹಿಂದಿನ ಸೀಟಿನಲ್ಲಿ ಕೂತು, "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಡೆಲ್ಫಿನಕ್ಕ," ಎಂದಾಗ ಅವಳ ಬಾಯಿಗೆ ಬಂದದ್ದು, "ಅದಕ್ಕೆಂತ, ಪರವಾಗಿಲ್ಲ," ಎಂಬ ಮಾತು. ಕೇಸು, ವೀಸಾ, ಊರಿಗೆ ಹಿಂದಿರುಗುವ ವಿಮಾನ ಎಲ್ಲವೂ ಅವಳ ತಲೆಯಲ್ಲೂ ಸುತ್ತುತ್ತಿದ್ದವು. ಇದು ಗಂಡನ ಹೆದರಿಕೆ, ತನ್ನದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಡೆನಿಸ್ ಮಾತ್ರ ಮದುಮಕ್ಕಳನ್ನು ಕೂರಿಸಿಕೊಂಡವನ ಹಾಗೆ ಕಾರು ಓಡಿಸತೊಡಗಿದ. ಹಳದಿ ದೀಪ ಕಂಡರೆ ನಿಲ್ಲಿಸುತ್ತಿದ್ದ. ಹಿಂದಿನವನು ಲೈಟ್ ಹಾಕಿದರೆ ದಾರಿ ಬಿಡುತ್ತಿದ್ದ. ತೇರ್ಸಿನ ನಡುವೆ ಒಂದೇ ಒಂದು ತುಳು ಶಬ್ದ ಇಲ್ಲ. ಫ್ಲಾಯ್ಡ್‌ನ ತಗ್ಗಿನ ಸ್ವರದ ಉತ್ತರ ಹಿಂದಿನಿಂದ ಬಂದು ಕಾರೊಳಗೆಲ್ಲ ತುಂಬುತ್ತಿತ್ತು. ಇದನ್ನು ನೋಡಿ ಡೆಲ್ಫಿನ್‌ಗೆ ಸಮಾಧಾನವಾಗುವುದರ ಬದಲು ಇನ್ನಷ್ಟು ಸಿಟ್ಟು ಬಂತು. ಹೀಗೆ ಓಡಿಸಲು ಬರುತ್ತದೆ ಎಂದಾದರೆ, ಇಷ್ಟು ವರ್ಷ ಇವನಿಗೆ ಏನು ದಾಡಿಯಾಗಿತ್ತು?

ದಿನಾ ಸಂಜೆ ಅವಳು "ಹೇಳಿದ್ಯಾ?" ಎಂದು ಕೇಳುವುದು, ಅವನು "ನಾಳೆ" ಎನ್ನುವುದು.

ಗುರುವಾರ ಫ್ಲಾಯ್ಡ್ ಕಾರು ಹತ್ತುತ್ತಲೇ, "ಇವತ್ತು ಒಂದೊಂದು ಚಾ ಕುಡಿಯುವ, ನಾನು ಕೊಡಿಸ್ತೇನೆ," ಎಂದ. ಆ ವಾರವೆಲ್ಲ ಡೆನಿಸ್ ಕೆಫೆಟೇರಿಯಾದ ಕಡೆ ತಲೆ ಹಾಕಿರಲಿಲ್ಲ. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ. ತೇರ್ಸ್ ಹೇಳುತ್ತಲೇ ಮುಹಿಯುದ್ದೀನನ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. "ನಮಾನ್ ಮರಿಯೆ, ಕುರ್ಪೆನ್ ಭರ್‌ಲೆಲ್ಯೆ," ಎಂದು ಬಾಯಿ ಹೇಳುತ್ತಿದ್ದಂತೆ ಕೈ ತನ್ನ ಕೆಲಸ ಮಾಡಿತು.

ಎರಡು ಗಿಡ್ಡ, ಒಂದು ಉದ್ದ. ಸ್ವಲ್ಪ ತಡೆದು, ಒಂದು ಚಿಟಿಕೆ.

ಮೊದಲರ್ಧ ಮುಗಿಯಿತು. ಡೆಲ್ಫಿನ್ ಉತ್ತರ ಶುರುಮಾಡಿ, ತನ್ನದೊಂದೇ ಸ್ವರ ಕೇಳಿ ನಿಲ್ಲಿಸಿದಳು. ಹಿಂದಿನ ಸೀಟಿನಿಂದ ಏನೂ ಬರಲಿಲ್ಲ.

ಮುಹಿಯುದ್ದೀನ್ ಚಾ ಹಿಡಿದುಕೊಂಡು ಬಂದೇಬಿಟ್ಟ. "ಎಂತ ಡೆನಿಸಣ್ಣ, ಒಂದು ವಾರ ಆಯ್ತು, ಕಾಣ್ಲಿಕ್ಕೇ ಇಲ್ಲ! ಈ ಹಾರ್ನ್ ಕೇಳದೆ ನಮ್ಗೆ ಬೆಳಿಗ್ಗೆಯೇ ಆಗ್ಲಿಲ್ಲ ಮಾರಾಯ್ರೆ. ಇಡೀ ಸತ್ವಾದಲ್ಲಿ ಹೀಗೆ ಹೊಡಿಯುವವ ನೀವು ಒಬ್ಬರೇ."

ಯಾರೂ ನಗದಿದ್ದದ್ದನ್ನು ಕಂಡು ಅವನು ಚಾ ಕೈಗಿಟ್ಟು, ಮೂರನೆಯದು ತರುತ್ತೇನೆಂದು ಒಳಗೆ ಹೋದ.

"ಡೆನಿಸ್," ಎಂದ ಫ್ಲಾಯ್ಡ್. "ಇನ್ನೊಮ್ಮೆ ಹೊಡಿ."

ಡೆನಿಸ್‌ನ ಕೈ ಸ್ಟೇರಿಂಗ್ ಮೇಲೇ ಇತ್ತು. ಅದು ಅಲ್ಲಾಡಲಿಲ್ಲ.

"ಹೊಡಿ ಮಾರಾಯ. ನಾನು ಸರಿಯಾಗಿ ಕೇಳ್ಬೇಕು."

"ನಾನೇ ಫ್ಲಾಯ್ಡ್," ಎಂದ ಡೆನಿಸ್. "ನಾನೇ ಅದು. ಹೇಳ್ಬೇಕು ಅಂತ ದಿನಾ... ನೀನು ಅಂತ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ."

"ಬೇರೆ ಯಾರಾದ್ರೂ ಆಗಿದ್ರೆ?"

ಡೆನಿಸ್ ಅಳತೊಡಗಿದ. ಕೊನೆಗಾದರೂ ಬಾಯಿ ಬಿಟ್ಟನಲ್ಲ ಎಂದು ಡೆಲ್ಫಿನ್‌ಗೆ ಎದೆಯ ಭಾರ ಇಳಿಯಿತು. ವಾರದಿಂದ ಬಡಿದುಕೊಂಡದ್ದು ಸಾರ್ಥಕವಾಯಿತು ಎಂದುಕೊಂಡಳು. ಆಗ ಫ್ಲಾಯ್ಡ್ ಅವಳ ಕಡೆ ತಿರುಗಿದ.

"ನೀವು ಈ ಬದಿಯಲ್ಲಿ ಕೂತಿದ್ರಿ. ನಾನು ಬಿದ್ದದ್ದು ನಿಮಗೆ ಕನ್ನಡಿಯಲ್ಲಿ ಕಾಣ್ಲಿಲ್ವಾ ಡೆಲ್ಫಿನಕ್ಕ?"

ಇಷ್ಟು ದಿನ ಗಂಡನಿಗೆ ಕೇಳಿದ ಪ್ರಶ್ನೆಗಳೆಲ್ಲ ತಿರುಗಿ ಬಂದು ಅವಳ ಮಡಿಲಲ್ಲಿ ಬಿದ್ದವು.

"ಕಂಡಿತು," ಎಂದಳು.

ಫ್ಲಾಯ್ಡ್ ತಲೆಯಾಡಿಸಿದ. "ಪೊಲೀಸಿಗೆ ಹೇಳುದಿಲ್ಲ, ಹೆದರ್ಬೇಡಿ," ಎಂದು ಒಂದೇ ಕೈಯಲ್ಲಿ ಬಾಗಿಲು ತೆರೆದು ಇಳಿದ. ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿದ್ದವು. ಅವನು ಬಸ್ ಸ್ಟಾಪಿನ ಕಡೆ ನಡೆದ.

ಡೆನಿಸ್ ಇನ್ನೂ ಅಳುತ್ತಲೇ ಇದ್ದ. "ಇಳಿ," ಎಂದಳು ಡೆಲ್ಫಿನ್. ಅವಳಿಗೂ ಲೈಸೆನ್ಸ್ ಇತ್ತು. ನೀನು ಓಡಿಸಿದರೆ ಜುಮೇರಾ ಮುಟ್ಟುವಾಗ ಕ್ರಿಸ್ಮಸ್ ಬರುತ್ತದೆ ಎಂದು ಡೆನಿಸ್ ತಮಾಷೆ ಮಾಡಿ ಮಾಡಿ ಅದು ಪರ್ಸಿನಲ್ಲೇ ಉಳಿದಿತ್ತು. ಜಾಗ ಬದಲಾಯಿಸಿಕೊಂಡು ಅವಳು ನಿಧಾನವಾಗಿ ಕಾರು ಬಿಟ್ಟಳು. ಫ್ಲಾಯ್ಡ್‌ನನ್ನು ಹೇಗಾದರೂ ಮತ್ತೆ ಹತ್ತಿಸಿಕೊಳ್ಳಬೇಕು, ಕೈಕಾಲು ಹಿಡಿದಾದರೂ ಸರಿ ಎಂದುಕೊಂಡಳು.

ಮುಂದೆ ಝೀಬ್ರಾ ಕ್ರಾಸಿಂಗ್. ಅಲ್ಲೊಬ್ಬ ರಸ್ತೆಗಿಳಿಯುವುದನ್ನು ಕಂಡು ಅವಳು ಬ್ರೇಕ್ ಒತ್ತಿದಳು. ನಿಂತ ಕಾರಿಗೆ ಈ ಊರಿನ ಪಾದಚಾರಿಗಳೆಲ್ಲ ಮಾಡುವಂತೆ, ಆ ಮನುಷ್ಯ ನಡೆಯುತ್ತಲೇ ಉಪಕಾರ ಎಂಬಂತೆ ಕೈ ಎತ್ತಿದ. ಇನ್ನೊಂದು ಕೈ ಎದೆಗೆ ಕಟ್ಟಿತ್ತು. ಆಮೇಲೆ ಅವನು ಗಾಜಿನೊಳಗೆ ಯಾರಿದ್ದಾರೆಂದು ನೋಡಿದ. ಎತ್ತಿದ ಕೈ ಅರ್ಧದಲ್ಲೇ ಕೆಳಗಿಳಿಯಿತು.

ಹಿಂದಿನವನು ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಫ್ಲಾಯ್ಡ್ ಆಚೆಯ ಬದಿ ಮುಟ್ಟಿ, ತಿರುವಿನಲ್ಲಿ ಮರೆಯಾಗುವವರೆಗೂ ಡೆಲ್ಫಿನ್ ಕಾರನ್ನು ಕದಲಿಸಲಿಲ್ಲ.