ಅಣ್ಣನ ಮಾತಿನ ಪುಟ

ಸೈಕಲ್ ರಿಪೇರಿ ಮಾಡುವ ಅಣ್ಣನಿಗೆ ಪಾರ್ಶ್ವವಾಯು ಬಡಿದಾಗ ಕೈಕಾಲು ಉಳಿದವು, ಮಾತು ಹೋಯಿತು. ತಲೆಯಲ್ಲಿ ಎಲ್ಲ ಇದೆ. ನಾಲಿಗೆಗೆ ಬರುವಷ್ಟರಲ್ಲಿ ಪದ ಜಾರಿಬಿಡುತ್ತದೆ. ಬೀದಿಗೆಲ್ಲ ಹರಟೆ ಹಂಚುತ್ತಿದ್ದವನು ಈಗ ಅಂಗಡಿ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಬರೀ ತಲೆಯಾಡಿಸುತ್ತಿದ್ದ.

ತಂಗಿಯ ಕಸುಬು ವೆಬ್ ಪುಟ ಕಟ್ಟುವುದು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಓದಿಸಿದವನು ಈ ಅಣ್ಣನೇ. "ದಿನಾ ಪದಗಳನ್ನ ಕೇಳಬೇಕು, ಹೇಳಬೇಕು" ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಅವನಿಗಾಗಿ ಒಂದು ಪುಟ ಮಾಡಿದಳು. ನೀರು, ಕಿಟಕಿ, ಚಮಚ, ಚಪ್ಪಲಿ, ಹೀಗೆ ಒಂದೊಂದಕ್ಕೂ ಚಿತ್ರ; ಒತ್ತಿದರೆ ಅವಳದೇ ದನಿಯಲ್ಲಿ ಆ ಪದ. ತನ್ನ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ತೆರೆದು ನೋಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಅವಳಿಗಂತೂ ಅದರಲ್ಲಿ ಒಂದು ಕುಂದೂ ಕಾಣಲಿಲ್ಲ. ಅಣ್ಣನ ಮನೆಯ ಟ್ಯಾಬ್ಲೆಟ್ಟಿಗೆ ಕಳಿಸಿಕೊಟ್ಟಳು.

ಕೆಲವು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದಳು. "ಅವರು ಟ್ಯಾಬ್ಲೆಟ್ ಮುಟ್ಟೋದೇ ಇಲ್ಲ. ಕೈಗೆ ಕೊಟ್ರೆ ಮಗುಚಿ ಇಡ್ತಾರೆ. ನೀನೇ ಬಂದು ಒಂದು ಮಾತು ಹೇಳಿ ನೋಡು."

ತಂಗಿಗೆ ಸ್ವಲ್ಪ ಮುನಿಸೇ ಬಂತು. ಭಾನುವಾರ ಬೆಳಿಗ್ಗೆ ಹೋದಾಗ ಅಣ್ಣ ಅಡುಗೆಮನೆಯ ಮೇಜಿನ ಬಳಿ ಕೂತು ಬ್ರೇಕಿನ ತಂತಿಗೆ ಎಣ್ಣೆ ಹಚ್ಚುತ್ತಿದ್ದ.

"ಅಭ್ಯಾಸ ಮಾಡದೆ ಮಾತು ಹೇಗೆ ಬರುತ್ತೆ ಅಣ್ಣಾ?"

ಅವನು ಅವಳ ಮುಖ ನೋಡಲಿಲ್ಲ. ಕೈ ಒರೆಸಿಕೊಂಡು ಟ್ಯಾಬ್ಲೆಟ್ ಎಳೆದು, ಪುಟ ತೆರೆದು, ನೀರಿನ ಲೋಟವನ್ನು ಒತ್ತಿದ. "ಚಪ್ಪಲಿ" ಎಂದಿತು ತಂಗಿಯ ದನಿ. ಚಮಚ ಒತ್ತಿದ. ಮತ್ತೆ "ಚಪ್ಪಲಿ." ತನ್ನ ಹಣೆಯನ್ನು ಬೆರಳಿನಿಂದ ತಟ್ಟಿ ಕೈ ಅಲ್ಲಾಡಿಸಿದ, ಇದು ಕೆಟ್ಟುಹೋಗಿದೆ, ಬಿಟ್ಟುಬಿಡು ಎಂಬಂತೆ.

ತಂಗಿ ತಾನೇ ಕಿಟಕಿಯನ್ನು ಒತ್ತಿದಳು. "ಚಪ್ಪಲಿ."

ಟ್ಯಾಬ್ಲೆಟ್ ಅತ್ತಿಗೆಯದು, ಬಹಳ ಹಳೆಯದು. ವೆಬ್ ಪುಟಗಳ ನಿಯಮ ಎಲ್ಲ ಬ್ರೌಸರಿಗೂ ಒಂದೇ ಆದರೂ, ಹೊಸದಾಗಿ ಬಂದದ್ದನ್ನು ಕೆಲವು ಬೇಗ ಕಲಿಯುತ್ತವೆ, ಕೆಲವು ತಡವಾಗಿ. ಇದು ಕಲಿಯುವುದನ್ನೇ ನಿಲ್ಲಿಸಿತ್ತು. ಪ್ರತಿ ಚಿತ್ರದ ಮೇಲೂ ಅವಳು ಕಣ್ಣಿಗೆ ಕಾಣದ ಗುಂಡಿ ಇಟ್ಟು, ಅದನ್ನು ಅದರ ಜಾಗದಲ್ಲಿ ಹಿಡಿದಿಡಲು ಹೊಸ ನಿಯಮವೊಂದನ್ನು ಬಳಸಿದ್ದಳು. ಈ ಬ್ರೌಸರ್ ಅದನ್ನು ಓದದೆ ದಾಟಿತ್ತು. ಹಿಡಿತ ತಪ್ಪಿದ ಗುಂಡಿಗಳು ಒಂದರ ಮೇಲೊಂದು ಹರಡಿ, ಎಲ್ಲಕ್ಕೂ ಮೇಲೆ ಬಂದ ಕೊನೆಯ ಗುಂಡಿ, ಚಪ್ಪಲಿಯದು, ಇಡೀ ಪರದೆಯನ್ನು ಮುಚ್ಚಿಕೊಂಡಿತ್ತು.

ಇಷ್ಟು ದಿನ ಇವನು ತನ್ನ ತಲೆಯನ್ನೇ ಅನುಮಾನಿಸುತ್ತ ಕೂತಿದ್ದ.

"ಅಣ್ಣಾ, ನಿನ್ನ ತಲೆ ಸರಿಯಾಗೇ ಇದೆ. ತಪ್ಪು ನನ್ನದು. ನನ್ನ ಕಂಪ್ಯೂಟರಲ್ಲಿ ನೋಡಿದೆ, ಇದರಲ್ಲಿ ನೋಡಲೇ ಇಲ್ಲ."

ಅವನು ನಂಬಲಿಲ್ಲ. ಅವಳು ಅತ್ತಿಗೆಯನ್ನು ಕರೆದು ಒತ್ತಿಸಿದಳು.

"ನನಗೂ ಚಪ್ಪಲಿಯೇ ಬಂತಲ್ಲ" ಎಂದಳು ಅತ್ತಿಗೆ.

ಅಣ್ಣ ಇಬ್ಬರ ಮುಖವನ್ನೂ ಮತ್ತೆ ಮತ್ತೆ ನೋಡಿದ. ಆಮೇಲೆ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆ ಕಣ್ಣೀರೆಲ್ಲ ನಗುವಿನದೇ ಆಗಿರಲಿಲ್ಲ.

ತಂಗಿ ಅಲ್ಲೇ ಲ್ಯಾಪ್‌ಟಾಪ್ ತೆರೆದು, ಎಲ್ಲ ಬ್ರೌಸರಿಗೂ ಅರ್ಥವಾಗುವ ಹಳೆಯ ಸರಳ ರೀತಿಯಲ್ಲಿ ಪುಟವನ್ನು ಮತ್ತೆ ಬರೆದಳು. ಟ್ಯಾಬ್ಲೆಟ್ಟಿನಲ್ಲಿ, ಅತ್ತಿಗೆಯ ಫೋನಿನಲ್ಲಿ, ತನ್ನದರಲ್ಲಿ, ಎಲ್ಲದರಲ್ಲೂ ಒತ್ತಿ ನೋಡಿದಳು. ಅಣ್ಣ ಲೋಟ ಒತ್ತಿದ. "ನೀರು."

"ನೀ..." ಎಂದ. ನಿಂತ. "ನೀ...ರು."

ಅತ್ತಿಗೆ ಎದ್ದು ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. "ಬಾಯಿಬಿಟ್ಟು ಕೇಳಿದ ಮೇಲೆ ಕೊಡಬೇಕಲ್ಲ" ಎಂದಳು. ಅವನು ಒಂದು ತೊಟ್ಟೂ ಬಿಡದೆ ಕುಡಿದ.

ಆಮೇಲೆ ಚಮಚ, ಚಪ್ಪಲಿಗಳತ್ತ ಬೇಸರದಿಂದ ತಲೆಯಾಡಿಸಿ, ತಂಗಿಯ ಮಣಿಕಟ್ಟು ಹಿಡಿದು ಅಂಗಡಿಗೆ ಕರೆದೊಯ್ದ. ಪೆಡಲ್, ಚೈನು, ಬೆಲ್ಲು, ಪಂಪು ಸಾಲಾಗಿ ಇಟ್ಟ. ಅವಳಿಗೆ ಅರ್ಥವಾಯಿತು, ಫೋಟೋ ತೆಗೆದಳು.

"ಇವಕ್ಕೆ ಯಾರ ದನಿ ಹಾಕಲಿ?"

ಅವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ಬೆರಳು ತೋರಿಸಿದ.

"ಇವುಗಳಲ್ಲಿ ಅರ್ಧದ ಹೆಸರೂ ನನಗೆ ಗೊತ್ತಿಲ್ಲ" ಎಂದಳು ಅವಳು.

ಅಣ್ಣ ಪೆಡಲನ್ನು ಕೈಗೆತ್ತಿಕೊಂಡು, ಅವಳಿಗೆ ಹೇಳಿಕೊಡಲು ಬಾಯಿ ತೆರೆದ.